ಯಂತ್ರದ ಮುಖ ಯಾರ ಕಡೆಗೆ?

ಸಿಂಧನೂರು ತಾಲ್ಲೂಕಿನ ಮುಕ್ಕುಂದ ತುಂಗಭದ್ರೆಯ ದಂಡೆಯ ಮೇಲಿನ ಊರು. ಈ ಸೀಮೆಯ ಜನರಿಗೆ ನೆಲ್ಲು ಎಂದರೆ ಬರೀ ಬೆಳೆಯಲ್ಲ. ಮಗಳ ಮದುವೆ, ಮಗನ ಕಾಲೇಜು, ಬ್ಯಾಂಕಿನ ಸಾಲ ಎಲ್ಲವೂ ಅದನ್ನೇ ನಂಬಿಕೊಂಡಿವೆ. ಕೆಲವು ವರ್ಷಗಳ ಹಿಂದೆ, ಸುಗ್ಗಿ ಮುಗಿಯುವ ಹೊತ್ತಿಗೆ, ಆ ಊರಿನ ಒಂದು ಮನೆಗೆ ಹೋಗಿದ್ದೆ. ಮನೆಯ ಯಜಮಾನರು ಕಟ್ಟೆಯ ಮೇಲೆ ಮಾತಿಲ್ಲದೆ ಕುಳಿತಿದ್ದರು. ಎರಡು ದಿನ ಸಾಲಿನಲ್ಲಿ ನಿಂತಿದ್ದ ಅವರ ಟ್ರ್ಯಾಕ್ಟರ್ ಖರೀದಿ ಕೇಂದ್ರದಿಂದ ತುಂಬಿದ ಚೀಲಗಳೊಂದಿಗೇ ಮರಳಿ ಬಂದಿತ್ತು. ನೆಲ್ಲಿನಲ್ಲಿ ಹಸಿ ಹೆಚ್ಚಿದೆ ಎಂದು ಹೇಳಿ ಕಳಿಸಿದ್ದರಂತೆ.

“ಮಷಿನ್‌ನಲ್ಲಿ ಎಷ್ಟು ಬಂತು?” ಎಂದು ಕೇಳಿದೆ.

“ನಮಗ ಯಾರು ತೋರಿಸ್ತಾರ್ರೀ ಫಾದರ್? ಮಷಿನ್ ಮುಖ ಅವರ ಕಡೆ ಇರ್ತದ. ಅವರೇ ನೋಡ್ತಾರ, ಅವರೇ ಹೇಳ್ತಾರ. ‘ಹಸಿ ಐತಿ, ಒಣಗಿಸ್ಕೊಂಡು ಬಾ’ ಅಂದ್ರ ಮುಗೀತು.”

ಒಳಗೆ ಮನೆಯಾಕೆ ಪಡಿತರ ಅಕ್ಕಿಯನ್ನು ಮೊರದಲ್ಲಿ ಹಾಕಿಕೊಂಡು ಆರಿಸುತ್ತಿದ್ದರು. ಕಲ್ಲು ಒಂದು ಕಡೆ. ಬಣ್ಣದಲ್ಲಿ ಸ್ವಲ್ಪ ಬೇರೆಯಾಗಿ ಕಾಣುತ್ತಿದ್ದ ಕೆಲವು ಕಾಳುಗಳು ಇನ್ನೊಂದು ಕಡೆ. ಅವೇನೆಂದು ಕೇಳಿದಾಗ, “ಪ್ಲಾಸ್ಟಿಕ್ ಅಕ್ಕಿ ರೀ ಫಾದರ್. ಸೊಸೈಟಿ ಅಕ್ಕಿಯೊಳಗ ಬೆರಕಿ ಮಾಡಿ ಕೊಡ್ತಾರ. ಆರಿಸಿ ತಿಪ್ಪಿಗೆ ಚೆಲ್ತೀನಿ” ಎಂದರು.

ಅದು ಪ್ಲಾಸ್ಟಿಕ್ ಆಗಿರಲಿಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ ಮತ್ತು ಬಿ-12 ಜೀವಸತ್ವ ಸೇರಿಸಿ, ಅಕ್ಕಿಯ ಆಕಾರದಲ್ಲೇ ತಯಾರಿಸಿದ ಕಾಳುಗಳವು. 100 ಕೆ.ಜಿ. ಅಕ್ಕಿಗೆ ಸುಮಾರು 1 ಕೆ.ಜಿ.ಯಷ್ಟು ಬೆರೆಸುತ್ತಿದ್ದರು. ಸರ್ಕಾರಿ ಯೋಜನೆಗಳಲ್ಲಿ ಇಂತಹ ಸಾರವರ್ಧಿತ ಅಕ್ಕಿಯನ್ನೇ ಕೊಡುವುದಾಗಿ 2021ರ ಆಗಸ್ಟ್ 15ರಂದು ಪ್ರಧಾನಿಯವರು ಘೋಷಿಸಿದ ಮೇಲೆ ಅದು ಹಂತಹಂತವಾಗಿ ನ್ಯಾಯಬೆಲೆ ಅಂಗಡಿಗಳಿಗೆ ಬಂದಿತು. ಅಕ್ಕಿಗೆ ಹೀಗೆ ಕಬ್ಬಿಣ ಸೇರಿಸುವುದು ಎಷ್ಟು ಉಪಯುಕ್ತ ಎಂಬ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಇಲ್ಲಿ ಬೇಡ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆಯೇ. ಆ ಮನೆಯ ಹೆಣ್ಣುಮಗಳು ರಕ್ತಹೀನತೆಗೆಂದು ಆಸ್ಪತ್ರೆಯಿಂದ ಕಬ್ಬಿಣದ ಗುಳಿಗೆ ತಂದು ನುಂಗುತ್ತಿದ್ದಳು. ಅವಳಿಗಾಗಿ ಅಕ್ಕಿಯಲ್ಲಿ ಬಂದ ಕಬ್ಬಿಣವನ್ನು ಅವಳ ತಾಯಿಯೇ, ಮಗಳ ಮೇಲಿನ ಪ್ರೀತಿಯಿಂದಲೇ, ತಿಪ್ಪೆಗೆ ಚೆಲ್ಲುತ್ತಿದ್ದರು.

ಮನೆಯಿಂದ ಹೊರಗೆ ಹೋದ ನೆಲ್ಲನ್ನು ಪರೀಕ್ಷಿಸಿದವರು ಫಲಿತಾಂಶ ತೋರಿಸಲಿಲ್ಲ. ಮನೆಯೊಳಗೆ ಬಂದ ಅಕ್ಕಿಯನ್ನು ಪರೀಕ್ಷಿಸಿ ಒಪ್ಪಿಕೊಂಡವರು ಅದರಲ್ಲೇನಿದೆ ಎಂಬುದನ್ನು ಆ ತಾಯಿಗೆ ತಲುಪುವಂತೆ ತಿಳಿಸಲಿಲ್ಲ. ಎರಡು ಕಡೆಯೂ ಪರೀಕ್ಷೆ ನಡೆದಿತ್ತು. ಬಹುಶಃ ಎರಡೂ ಸರಿಯಾಗಿಯೇ ನಡೆದಿದ್ದವು. ಆದರೂ ಯಜಮಾನರಿಗೆ ಮೋಸ ಹೋದೆನೆಂಬ ಸಂಶಯ, ಮನೆಯಾಕೆಗೆ ವಿಷ ಉಣ್ಣಿಸುತ್ತಿದ್ದಾರೆಂಬ ಭಯ. ಆ ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ಆಹಾರವನ್ನು ಪರೀಕ್ಷಿಸುವವರು ತಾವು ಕಂಡದ್ದನ್ನು ಯಾರಿಗೆ ಹೇಳಬೇಕು? ಹೇಳದೆ ಇದ್ದರೆ ಅದು ಕೇವಲ ಕಚೇರಿಯ ರೂಢಿಯೋ, ಅಥವಾ ಅನ್ಯಾಯವೋ?

ಕಣ್ಣಿಗೆ ಕಾಣದ ದೋಷ

ನಮ್ಮ ಅಜ್ಜಿಯಂದಿರಿಗೆ ಪರೀಕ್ಷಕರು ಬೇಕಿರಲಿಲ್ಲ. ಅಕ್ಕಿಯನ್ನು ಹಲ್ಲಿನಲ್ಲಿ ಕಡಿದು, ಎಣ್ಣೆಯನ್ನು ಮೂಸಿ, ಹಾಲನ್ನು ಬೆರಳ ತುದಿಯಲ್ಲಿ ಇಳಿಬಿಟ್ಟು ನೋಡಿ ಅವರು ತೀರ್ಪು ಕೊಡುತ್ತಿದ್ದರು. ಮಾರುವವನ ಮನೆ ಯಾವುದು, ಅವನ ಎಮ್ಮೆ ಯಾವುದು ಎಂಬುದೂ ಅವರಿಗೆ ಗೊತ್ತಿತ್ತು. ಇಂದು ನಮ್ಮ ತಟ್ಟೆಗೆ ಬರುವ ಪದಾರ್ಥ ನೂರು ಕೈ ದಾಟಿ ಬರುತ್ತದೆ. ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಮಿಠಾಯಿಯಲ್ಲಿದ್ದರೆ ಯಾವ ಅಜ್ಜಿಯ ನಾಲಿಗೆಗೂ ತಿಳಿಯದು. ನೀರಿನಲ್ಲಿರುವ ರೋಗಾಣು ಕಣ್ಣಿಗೆ ಕಾಣದು. ಆದ್ದರಿಂದ ನಾವು ನಮ್ಮ ಕಣ್ಣನ್ನೂ ನಾಲಿಗೆಯನ್ನೂ ಒಬ್ಬ ಅಧಿಕಾರಿಗೆ, ಒಂದು ಪ್ರಯೋಗಾಲಯಕ್ಕೆ ಒಪ್ಪಿಸಿದ್ದೇವೆ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯಾಗಲಿ, ಅದರ ಬದಲಿಗೆ ಬಂದು 2011ರ ಆಗಸ್ಟ್ 5ರಿಂದ ಜಾರಿಯಾದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಾಗಲಿ, ಈ ಒಪ್ಪಿಸುವಿಕೆಯ ಕಾಗದಪತ್ರವಲ್ಲದೆ ಬೇರೇನಲ್ಲ.

13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯಲಾಜಿಕಾ’ ಗ್ರಂಥದಲ್ಲಿ ಮಾರಾಟದ ಮೋಸದ ಬಗ್ಗೆ ಒಂದು ಇಡೀ ಪ್ರಕರಣವನ್ನೇ ಬರೆದಿದ್ದಾರೆ. ಮಾರುವವನು ತನ್ನ ಸರಕಿನ ದೋಷವನ್ನು ಹೇಳಲೇಬೇಕೆ ಎಂಬುದು ಅಲ್ಲಿನ ಒಂದು ಪ್ರಶ್ನೆ. ಅವರ ಉತ್ತರ ಬಹಳ ವ್ಯವಹಾರಜ್ಞಾನದ್ದು. ಕುದುರೆಗೆ ಒಂದೇ ಕಣ್ಣಿದ್ದರೆ ಅದು ಕೊಳ್ಳುವವನಿಗೇ ಕಾಣುತ್ತದೆ. ಬೆಲೆಯನ್ನು ತಕ್ಕಂತೆ ಇಳಿಸಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕಾದ ಬಾಧ್ಯತೆ ಇಲ್ಲ. ಆದರೆ ದೋಷ ಮರೆಯಲ್ಲಿದ್ದು, ಅದರಿಂದ ಕೊಳ್ಳುವವನಿಗೆ ಹಾನಿ ಅಥವಾ ಅಪಾಯವಿದ್ದರೆ, ಮಾರುವವನು ಹೇಳಲೇಬೇಕು. ಹೇಳದೆ ಮಾರಿದರೆ ಅದು ವಂಚನೆ.

ಈ ವಿವೇಕವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ಇಂದಿನ ಆಹಾರದ ದೋಷಗಳು ಒಕ್ಕಣ್ಣಿನ ಕುದುರೆಯಂತಲ್ಲ, ಹೆಚ್ಚಿನವು ಮರೆಯಲ್ಲಿರುವಂಥವು. ಮರೆಯಲ್ಲಿರುವುದನ್ನು ಬೆಳಕಿಗೆ ತರುವುದಕ್ಕಾಗಿಯೇ ನಾವು ಪರೀಕ್ಷಕರನ್ನು ನೇಮಿಸಿದ್ದೇವೆ. ಅವರು ಕಂಡ ದೋಷ ಅಂಗಡಿಯವನಿಗೂ ಕಡತಕ್ಕೂ ಮಾತ್ರ ತಿಳಿದರೆ, ಉಣ್ಣುವವನ ಪಾಲಿಗೆ ಅದು ಇನ್ನೂ ಮರೆಯಲ್ಲೇ ಉಳಿದಂತಾಯಿತು. ಮೊದಲು ಒಬ್ಬನಿಗೆ ಗೊತ್ತಿದ್ದ ಗುಟ್ಟು ಈಗ ಇಬ್ಬರಿಗೆ ಗೊತ್ತಾಯಿತು, ಅಷ್ಟೆ. ಪರೀಕ್ಷಕನು ಆ ತಾಯಿಯ ಕಣ್ಣಾಗಿ ಹೋದವನು. ಅವನು ಕಂಡದ್ದು ಅವಳಿಗೆ ಸೇರಿದ ಸ್ವತ್ತು. ಅದನ್ನು ಅವಳಿಗೆ ತಿಳಿಸುವುದು ದಯೆಯಲ್ಲ, ಸಲ್ಲಿಸಬೇಕಾದ ಬಾಕಿ.

ಲೆಕ್ಕ ಹೇಳಿದರೆ ಸಾಕೇ?

ನಮ್ಮ ರಾಜ್ಯದಲ್ಲಿ ಈ ದಿಕ್ಕಿನಲ್ಲಿ ಒಳ್ಳೆಯ ಕೆಲಸವೂ ನಡೆದಿದೆ. 2024ರ ಮಾರ್ಚ್ 11ರಂದು ಕರ್ನಾಟಕದ ಆರೋಗ್ಯ ಸಚಿವರು ಪರೀಕ್ಷೆಯ ಲೆಕ್ಕವನ್ನು ಜನರ ಮುಂದಿಟ್ಟರು. ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ, ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15ರಲ್ಲಿ ಅಸುರಕ್ಷಿತ ಕೃತಕ ಬಣ್ಣಗಳಿದ್ದವು. ಆ ದಿನವೇ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬಣ್ಣದ ಬೊಂಬಾಯಿ ಮಿಠಾಯಿ ಮಾರುವುದನ್ನೂ ನಿಷೇಧಿಸಲಾಯಿತು. ಜಾತ್ರೆಯಲ್ಲಿ ಮಗು ಗುಲಾಬಿ ಮಿಠಾಯಿಗೆ ಕೈ ಚಾಚಿದಾಗ ತಡೆಯುವ ತಾಯಂದಿರನ್ನು ಆ ವರ್ಷ ನಾನೇ ನೋಡಿದ್ದೇನೆ. ಹಾಗೆ ತಡೆಯುವ ಬಲ ಅವರಿಗೆ ಬಂದದ್ದು ಆ ಲೆಕ್ಕದಿಂದ.

ಆದರೆ ಲೆಕ್ಕ ಮೊದಲ ಹೆಜ್ಜೆ ಮಾತ್ರ. 171ರಲ್ಲಿ 107 ಎಂಬುದು ರಾಜ್ಯದ ಸ್ಥಿತಿಯನ್ನು ಹೇಳುತ್ತದೆ. ಸಿಂಧನೂರು ಬಸ್ ನಿಲ್ದಾಣದ ಬಳಿ ಮಕ್ಕಳ ಕೈ ಹಿಡಿದು ನಿಂತವಳಿಗೆ ಬೇಕಾದದ್ದು ಎದುರಿಗಿರುವ ಈ ಒಂದು ಬಂಡಿಯ ಸುದ್ದಿ. ಡೆನ್ಮಾರ್ಕ್ ದೇಶದಲ್ಲಿ 2001ರಿಂದ ಒಂದು ಪದ್ಧತಿಯಿದೆ. ಹೋಟೆಲು, ಅಂಗಡಿಗಳ ತಪಾಸಣೆ ಆದ ಮೇಲೆ ವರದಿಯನ್ನು ಗಿರಾಕಿಗೆ ಕಾಣುವಂತೆ ಅಲ್ಲಿಯೇ ಅಂಟಿಸಬೇಕು. ಓದಲು ಪುರುಸೊತ್ತಿಲ್ಲದವರಿಗಾಗಿ ಅದರ ಮೇಲೆ ನಗುವ ಅಥವಾ ಸಪ್ಪೆಯಾದ ಮುಖದ ಚಿತ್ರವಿರುತ್ತದೆ. ಚೆನ್ನಾಗಿ ನಡೆಸುವವನಿಗೆ ಅದು ಬಿರುದು. ಕೆಡಿಸುವವನಿಗೆ ಅದೇ ದಂಡ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ ಹೋಟೆಲುಗಳಿಗೆ ಶುಚಿತ್ವದ ಅಂಕ ಕೊಡುವ ಯೋಜನೆ ಮಾಡಿತು; ಆದರೆ ಅದು ಮಾಲೀಕರ ಸ್ವಇಚ್ಛೆಯ ಯೋಜನೆಯಾಗಿ ಆರಂಭವಾಯಿತು. ಪರೀಕ್ಷೆಗೆ ತಾನಾಗಿ ಬರುವವನು ಬಹುಮಟ್ಟಿಗೆ ಪಾಸಾಗುವವನೇ ಎಂಬುದನ್ನು ಶಾಲಾ ಮಾಸ್ತರರೂ ಬಲ್ಲರು.

ವ್ಯಾಪಾರಿಯ ಮಾನ

ಇಲ್ಲಿ ಒಂದು ಆಕ್ಷೇಪಣೆಯನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ತಳ್ಳುಗಾಡಿಯ ಒಬ್ಬ ಬಡವನ ಹೆಸರು ಒಮ್ಮೆ ಕೆಟ್ಟಿತೆಂದರೆ ಅವನ ಮನೆಯ ಒಲೆ ಆರಿತು. ಪರೀಕ್ಷೆಯೇ ತಪ್ಪಾಗಿದ್ದರೆ? ಅವನ ಮಾನವನ್ನು ತಿರುಗಿ ಕೊಡುವವರು ಯಾರು? ಸುಳ್ಳು ಅಪವಾದ ಹೊರಿಸುವುದು ಪಾಪವೆಂದು ನಮಗೆಲ್ಲ ಗೊತ್ತು. ಒಬ್ಬನ ನಿಜವಾದ ತಪ್ಪನ್ನೂ ತಕ್ಕ ಕಾರಣವಿಲ್ಲದೆ ಬಯಲಿಗೆಳೆಯಬಾರದು ಎಂಬುದೂ ಧರ್ಮಸಭೆಯ ನೀತಿಬೋಧೆಯೇ. ಹಾಗಿದ್ದರೆ ಗುಟ್ಟಾಗಿ ತಿದ್ದುವುದು ಮೇಲಲ್ಲವೇ?

ಈ ಮಾತಿನಲ್ಲಿ ಸತ್ಯವಿದೆ. 2015ರ ಮ್ಯಾಗಿ ನೂಡಲ್ಸ್ ಪ್ರಕರಣವನ್ನು ನೆನಪಿಸಿಕೊಳ್ಳಿ. ಆ ವರ್ಷದ ಜೂನ್ 5ರಂದು ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಪ್ರಾಧಿಕಾರ ಆದೇಶಿಸಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕಂಪನಿಯ ಅಹವಾಲು ಕೇಳಿರಲಿಲ್ಲ. ಪರೀಕ್ಷೆ ಮಾಡಿದ ಪ್ರಯೋಗಾಲಯಗಳಿಗೆ ಕಾನೂನು ಬಯಸುವ ಮಾನ್ಯತೆ ಇರಲಿಲ್ಲ ಎಂಬುದು ನ್ಯಾಯಾಲಯ ಕಂಡ ಮುಖ್ಯ ಲೋಪ. ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಗಳಲ್ಲಿ ಮತ್ತೆ ಪರೀಕ್ಷೆ ನಡೆದು, ಅದರಲ್ಲಿ ತೇರ್ಗಡೆಯಾದ ನಂತರ ನವೆಂಬರಿನಲ್ಲಿ ಅದು ಅಂಗಡಿಗೆ ಮರಳಿತು. ದೊಡ್ಡ ಕಂಪನಿಗೆ ಹೈಕೋರ್ಟಿಗೆ ಹೋಗುವ ಶಕ್ತಿಯಿತ್ತು. ತಳ್ಳುಗಾಡಿಯವನಿಗೆ ಅದೆಲ್ಲಿದೆ?

ಆದರೆ ಈ ಪ್ರಕರಣ ನಮಗೆ ಕಲಿಸುವುದು ಗುಟ್ಟನ್ನಲ್ಲ, ಕ್ರಮವನ್ನು. ಕಾಯ್ದೆಯಲ್ಲಿ ಆ ಕ್ರಮ ಈಗಾಗಲೇ ಇದೆ. ಅಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ವ್ಯಾಪಾರಿ ಕೇಳಿಕೊಂಡರೆ ಒಂದು ಭಾಗವನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೂ ಕಳಿಸಬೇಕು. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ಆ ವರದಿಯ ಮೇಲೆ ವ್ಯಾಪಾರಿ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿಯ ಪರೀಕ್ಷೆ ಮಾಡುವ ಉನ್ನತ ಪ್ರಯೋಗಾಲಯಗಳಲ್ಲಿ ಒಂದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲೇ ಇದೆ. ಅಂದರೆ, ಮೊದಲು ಕೇಳು, ಎರಡನೆಯ ಬಾರಿ ನೋಡು, ಆಮೇಲೆ ಹೇಳು. ಪ್ರಾಣಾಪಾಯವಿದ್ದರೆ ಮಾತ್ರ ಕೂಡಲೇ ಎಚ್ಚರಿಸು. ಆಮೇಲೆ ಹೇಳುವಾಗ ಕೆಟ್ಟದ್ದನ್ನಷ್ಟೇ ಅಲ್ಲ, ತೇರ್ಗಡೆಯಾದವರ ಹೆಸರನ್ನೂ ಹೇಳಬೇಕು. ತಿದ್ದಿಕೊಂಡವನ ಸುದ್ದಿಯನ್ನು, ಅವನ ತಪ್ಪನ್ನು ಸಾರಿದಷ್ಟೇ ಗಟ್ಟಿಯಾಗಿ ಸಾರಬೇಕು. ಹೀಗೆ ಮಾಡಿದರೆ ವ್ಯಾಪಾರಿಗೂ ತಾಯಿಗೂ ಒಟ್ಟಿಗೇ ನ್ಯಾಯ ಸಿಗುತ್ತದೆ. ಮಗುವಿನ ಹೊಟ್ಟೆ ಒಂದು ಕಡೆ ಇರುವಾಗ ‘ತಕ್ಕ ಕಾರಣ’ ಇಲ್ಲವೆಂದು ಹೇಳಲು ಯಾರಿಗೆ ಮನಸ್ಸು ಬಂದೀತು?

ಗುಟ್ಟು ಬಡ ವ್ಯಾಪಾರಿಯನ್ನು ಕಾಪಾಡುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ವರದಿ ಬಾಗಿಲಲ್ಲಿದ್ದರೆ ಅವನು ಹೆದರಬೇಕಾದದ್ದು ತನ್ನ ಅಡುಗೆಮನೆಯ ಕೊಳೆಗೆ ಮಾತ್ರ. ವರದಿ ಅಧಿಕಾರಿಯ ಚೀಲದಲ್ಲಿದ್ದರೆ ಅವನು ಅಧಿಕಾರಿಗೆ ಹೆದರಬೇಕಾಗುತ್ತದೆ. ಲಂಚಕ್ಕೆ ಬೆಲೆ ಬರುವುದು ಯಾರೂ ಓದದ ಕಾಗದದಿಂದ.

ಪರೀಕ್ಷಕರ ಪರೀಕ್ಷೆ

ಬೇಲಿ ಹೊಲವನ್ನು ಕಾಯುತ್ತಿದೆಯೋ ಮೇಯುತ್ತಿದೆಯೋ ಎಂದು ತಿಳಿಯಬೇಕಾದರೆ ಬೇಲಿಯೂ ಕಣ್ಣಿಗೆ ಕಾಣುವಂತಿರಬೇಕು. ಅಂಗಡಿಯ ವರದಿ ಮಾತ್ರವಲ್ಲ, ಪರೀಕ್ಷಿಸುವ ಸಂಸ್ಥೆಯ ಲೆಕ್ಕವೂ ತೆರೆದಿರಬೇಕು. ಈ ವರ್ಷ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಮಾದರಿ ತೆಗೆದರು? ವರದಿ ಬರಲು ಎಷ್ಟು ದಿನವಾಯಿತು? ಅಧಿಕಾರಿಗಳ ಎಷ್ಟು ಹುದ್ದೆ ಖಾಲಿ ಇವೆ? ದಂಡ ಹಾಕಿದ್ದೆಷ್ಟು, ವಸೂಲಾದದ್ದೆಷ್ಟು? ಗುಣಮಟ್ಟದ ಮುದ್ರೆ ಒತ್ತುವ ಖಾಸಗಿ ಸಂಸ್ಥೆಗಳ ವಿಷಯದಲ್ಲಿ ಇನ್ನೊಂದು ಪ್ರಶ್ನೆಯೂ ಸೇರುತ್ತದೆ. ಮುದ್ರೆ ಪಡೆಯುವವನೇ ಮುದ್ರೆ ಒತ್ತುವವನಿಗೆ ಶುಲ್ಕ ಕೊಡುತ್ತಾನೆ. ಅದರಲ್ಲಿ ತಪ್ಪಿಲ್ಲದಿರಬಹುದು, ಆದರೆ ಪರೀಕ್ಷಕನ ಊಟ ಪರೀಕ್ಷೆ ಬರೆಯುವವನ ಮನೆಯಲ್ಲಿದ್ದರೆ, ಅಂಕಪಟ್ಟಿಯನ್ನು ಊರ ಮುಂದೆ ಇಡುವುದು ಇಬ್ಬರಿಗೂ ಕ್ಷೇಮ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಇಮಾನ್ಯುವೆಲ್ ಕಾಂಟರ ಬರಹಗಳು ನನಗೆ ಕಬ್ಬಿಣದ ಕಡಲೆಯಾಗಿದ್ದವು. ಆದರೆ 1795ರಲ್ಲಿ ಅವರು ಶಾಶ್ವತ ಶಾಂತಿಯ ಬಗ್ಗೆ ಬರೆದ ಪ್ರಬಂಧದ ಒಂದು ವಿಚಾರ ಮಾತ್ರ ಕೂಡಲೇ ಮನಸ್ಸಿಗೆ ಹತ್ತಿತು. ಪರರ ಹಕ್ಕಿಗೆ ಸಂಬಂಧಿಸಿದ ಒಂದು ಕೆಲಸ ನ್ಯಾಯವೋ ಅನ್ಯಾಯವೋ ತಿಳಿಯಲು ಅವರು ಒಂದು ಒರೆಗಲ್ಲು ಕೊಟ್ಟರು. ನೀನು ಯಾವ ನಿಯಮದಂತೆ ನಡೆಯುತ್ತಿದ್ದೀಯೋ ಅದನ್ನು ಎಲ್ಲರ ಮುಂದೆ ಹೇಳಲು ಆಗುತ್ತದೆಯೇ? ಹೇಳಿದ ಕೂಡಲೇ ನಿನ್ನ ಉದ್ದೇಶ ಕೆಡುವುದಾದರೆ, ಆ ನಿಯಮದಲ್ಲಿ ಅನ್ಯಾಯವಿದೆ. ಖರೀದಿ ಕೇಂದ್ರದ ಯಂತ್ರಕ್ಕೆ ಈ ಒರೆಗಲ್ಲನ್ನು ಹಚ್ಚಿ ನೋಡಿ. ಸರ್ಕಾರ ಕೊಳ್ಳುವ ಭತ್ತದಲ್ಲಿ ತೇವಾಂಶ ಶೇ. 17ನ್ನು ಮೀರಬಾರದು ಎಂಬುದು ನಿಯಮ. ನಿಯಮದಲ್ಲಿ ದೋಷವಿಲ್ಲ, ಹಸಿ ನೆಲ್ಲು ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ. ಯಂತ್ರ 19 ಎಂದು ತೋರಿಸಿದ್ದರೆ ಅದನ್ನು ರೈತನಿಗೆ ತೋರಿಸಲು ಯಾವ ಅಡ್ಡಿ? ತೋರಿಸಿದ್ದರೆ ಅವರು ಇನ್ನೊಂದು ದಿನ ಒಣಗಿಸಿ ತಂದಾರು, ಸಂಶಯವೂ ಉಳಿಯದು. ತೋರಿಸಲಾಗದ ಅಂಕಿಯಾದರೆ, ಅದು ನೆಲ್ಲಿನ ಅಂಕಿಯಾಗಿರಲಾರದು.

ಕಾನೂನು ಈ ಬಾಗಿಲುಗಳನ್ನು ಸ್ವಲ್ಪಮಟ್ಟಿಗೆ ತೆರೆದಿದೆ. ಸಾರ್ವಜನಿಕ ಸಂಸ್ಥೆಗಳು ಯಾರೂ ಕೇಳುವ ಮೊದಲೇ ತಮ್ಮ ಮಾಹಿತಿಯನ್ನು ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ ಹೇಳುತ್ತದೆ. ವ್ಯಾಪಾರದ ಗುಟ್ಟಿಗೆ ಅದೇ ಕಾಯ್ದೆಯಲ್ಲಿ ವಿನಾಯಿತಿ ಇದ್ದರೂ, ಸಾರ್ವಜನಿಕ ಹಿತ ದೊಡ್ಡದಾದಾಗ ಆ ವಿನಾಯಿತಿ ನಿಲ್ಲುವುದಿಲ್ಲ. ಪಡಿತರ ವ್ಯವಸ್ಥೆಯ ದಾಖಲೆಗಳನ್ನು ಜನರು ನೋಡಲು ತೆರೆದಿಡಬೇಕು, ಸಾಮಾಜಿಕ ಪರಿಶೋಧನೆ ನಡೆಸಬೇಕು ಎಂದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿದೆ. ಆಹಾರ ಸುರಕ್ಷತಾ ಕಾಯ್ದೆಯ 40ನೇ ಪ್ರಕರಣದಂತೆ, ಕೊಳ್ಳುವ ಯಾರಾದರೂ ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಿ, ಶುಲ್ಕ ಕಟ್ಟಿ, ಆ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದರೆ ಕಟ್ಟಿದ ಶುಲ್ಕವೂ ಮರಳಿ ಸಿಗಬೇಕು. ಈ ಬಾಗಿಲುಗಳನ್ನು ತಟ್ಟುವವರು ಮಾತ್ರ ಕಡಿಮೆ.

ನನ್ನ ಕಪಾಟಿನ ಕಾಗದ

ಇಷ್ಟು ಬರೆದ ಮೇಲೆ ನನ್ನ ಮಾತನ್ನೂ ಹೇಳಬೇಕು. ಇಲ್ಲದಿದ್ದರೆ ಈ ಲೇಖನಕ್ಕೆ ಬೆಲೆಯಿಲ್ಲ.

ಹಲವು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ಒಂದು ಬಾಲಕರ ವಸತಿನಿಲಯದ ಹೊಣೆ ನನ್ನ ಮೇಲಿತ್ತು. ಒಮ್ಮೆ ಕುಡಿಯುವ ನೀರನ್ನು ಪರೀಕ್ಷೆಗೆ ಕಳಿಸಿದೆವು. ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂತು. ಅದೇ ದಿನ ಟ್ಯಾಂಕ್ ಖಾಲಿ ಮಾಡಿಸಿ, ಉಜ್ಜಿಸಿ, ಕ್ಲೋರಿನ್ ಹಾಕಿಸಿದೆ. ವರದಿಯನ್ನು ಮಡಚಿ ಕಪಾಟಿನಲ್ಲಿಟ್ಟೆ. ಪಾಲಕರಿಗೆ ಹೇಳಲಿಲ್ಲ. ಸುಮ್ಮನೆ ಗಾಬರಿಯೇಕೆ, ಸಂಸ್ಥೆಯ ಹೆಸರೇಕೆ ಕೆಡಬೇಕು, ಹೇಗೂ ಸರಿಪಡಿಸಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಗ ಅದು ವಿವೇಕವೆಂದೇ ತೋರಿತ್ತು.

ರಜೆ ಮುಗಿದ ಮೇಲೆ ಒಬ್ಬ ತಾಯಿ ಮಗನನ್ನು ಬಿಡಲು ಬಂದರು. ಹುಡುಗ ಅರ್ಧಕ್ಕರ್ಧ ಇಳಿದುಹೋಗಿದ್ದ. ಮನೆಗೆ ಹೋದ ಮೇಲೆ ವಾರಗಟ್ಟಲೆ ಭೇದಿಯಾಯಿತಂತೆ. ಉಷ್ಣವೆಂದು ತಿಳಿದು ಮಜ್ಜಿಗೆ, ಮೆಂತ್ಯ ಕೊಟ್ಟು ದಿನ ಕಳೆದರಂತೆ. ಹುಡುಗ ಎದ್ದು ನಿಲ್ಲಲಾರದಾದಾಗ ಆಸ್ಪತ್ರೆಗೆ ಹೊತ್ತೊಯ್ದಿದ್ದರು. ಹೋಗುವಾಗ ಆಕೆ ಹೊಸದಾಗಿ ಸುಣ್ಣ ಹೊಡೆದಿದ್ದ ಟ್ಯಾಂಕನ್ನು ನೋಡಿ ನನ್ನ ಕಡೆ ತಿರುಗಿದರು. “ನೀರಾಗ ಏನರ ಇತ್ತೇನ್ರೀ ಫಾದರ್? ಒಂದ್ ಮಾತ್ ಹೇಳಿದ್ರ ಮೊದಲೇ ಡಾಕ್ಟರ್ ಹತ್ರ ಹೋಗ್ತಿದ್ದೆ.”

ಹುಡುಗನ ಕಾಯಿಲೆಗೆ ನಮ್ಮ ನೀರೇ ಕಾರಣವೋ ಅಲ್ಲವೋ ನಿಶ್ಚಯವಾಗಿ ಹೇಳಲಾರೆ. ಆದರೆ ಆ ತಾಯಿ ತೀರ್ಮಾನ ಮಾಡಲು ಬೇಕಾಗಿದ್ದ ಒಂದೇ ಒಂದು ಸಂಗತಿ ನನ್ನ ಕಪಾಟಿನಲ್ಲಿತ್ತು. ನಾನು ಸುಳ್ಳು ಹೇಳಿರಲಿಲ್ಲ, ಕದ್ದಿರಲಿಲ್ಲ, ಟ್ಯಾಂಕನ್ನೂ ತೊಳೆಸಿದ್ದೆ. ಆದರೂ ಅವರಿಗೆ ಸೇರಿದ್ದನ್ನು ಇಟ್ಟುಕೊಂಡಿದ್ದೆ. ಯಂತ್ರದ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡು ಕೂತಿದ್ದವನು ನಾನೇ. ಆ ದಿನ ಆಕೆಗೆ ವರದಿಯನ್ನು ತಂದು ತೋರಿಸಿ ಕ್ಷಮೆ ಕೇಳಿದೆ. ಆಕೆ ಅದನ್ನು ಓದಿ, ಏನೂ ಹೇಳದೆ ಮಡಚಿ ನನ್ನ ಕೈಗಿತ್ತರು.

ಮರುತಿಂಗಳಿನಿಂದ ನೀರಿನ ವರದಿಯನ್ನೂ, ದವಸ ತಂದ ದಿನವನ್ನೂ ಅಡುಗೆಮನೆಯ ಬಾಗಿಲಿಗೆ ಅಂಟಿಸತೊಡಗಿದೆವು. ಒಮ್ಮೆ ವರದಿ ಮತ್ತೆ ಕೆಟ್ಟದ್ದೇ ಬಂತು. ಕೈ ಹಿಂಜರಿಯಿತು, ಆದರೂ ಅಂಟಿಸಿದೆ. ಇಬ್ಬರು ಪಾಲಕರು ಮಕ್ಕಳನ್ನು ಕರೆದುಕೊಂಡು ಹೋದರು. ಅವರಲ್ಲಿ ಒಬ್ಬರು ಮಾತ್ರ ಮರಳಿ ತಂದು ಬಿಟ್ಟರು. ಬಯಲಾಗಿ ನಡೆಯುವುದಕ್ಕೆ ಬೆಲೆ ಇದೆ ಎಂಬುದನ್ನು ಮುಚ್ಚಿಡಲಾರೆ. ಆದರೆ ಆ ಬೆಲೆಯನ್ನು ತೆರಬೇಕಾದವನು ಅಡುಗೆಮನೆ ನಡೆಸುವವನು, ಉಣ್ಣುವ ಮಗುವಲ್ಲ.

ಈ ವಾರ ಮನೆಯಲ್ಲಿ

ಪ್ರಿಯ ಓದುಗರೇ, ದೊಡ್ಡ ಸಂಸ್ಥೆಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ ಎಂದು ಕೈಕಟ್ಟಿ ಕೂರಬೇಡಿ. ಹೋಟೆಲಿನಲ್ಲಿ ಗೋಡೆಯ ಮೇಲೆ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇದೆಯೇ ಎಂದು ಮಕ್ಕಳಿಗೆ ಹುಡುಕಲು ಹೇಳಿ. ಗ್ರಾಮಸಭೆಯಲ್ಲಿ ಅಂಗನವಾಡಿಯ, ಶಾಲೆಯ ಬಿಸಿಯೂಟದ ನೀರಿನ ವರದಿಯನ್ನು ಓದಿ ಹೇಳಿ ಎಂದು ಕೇಳಿ. ನಮ್ಮ ಚರ್ಚಿನ ಹಬ್ಬದ ಊಟದ ದಿನ ನಮ್ಮನ್ನೂ ಕೇಳಿ. ನಾವು ಮುಖ ಗಂಟಿಕ್ಕಿದರೂ ಕೇಳಿ. ಕೇಳುವಾಗ ಜಗಳದ ದನಿ ಬೇಡ. ತಮ್ಮ ಕೆಲಸವನ್ನು ನಿಯತ್ತಿನಿಂದ ಮಾಡುವ ಅಧಿಕಾರಿಗಳು ಬಹಳ ಮಂದಿ ಇದ್ದಾರೆ. ನಿಮ್ಮ ಪ್ರಶ್ನೆ ಅವರಿಗೆ ಬಲವಾಗುತ್ತದೆ.

ಮುಕ್ಕುಂದದ ಆ ಯಜಮಾನರು ಮುಂದಿನ ಸುಗ್ಗಿಯಲ್ಲಿ ಸಿಕ್ಕಾಗ ಹೇಳಿದರು. ಈ ಸಲ ಅವರೂ ಜೊತೆಗಿದ್ದ ನಾಲ್ಕಾರು ರೈತರೂ ಮೇಜಿನ ಮುಂದೆ ನಿಂತು, “ಸರ, ಮಷಿನ್ ಸ್ವಲ್ಪ ಈ ಕಡೆ ತಿರುಗಿಸ್ರಿ, ನಾವೂ ನೋಡ್ತೀವಿ” ಎಂದು ಕೇಳಿದರಂತೆ. ಕೂತಿದ್ದವರು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ತಿರುಗಿಸಿದರಂತೆ.

“ಎಷ್ಟಿತ್ತು?” ಎಂದೆ.

“ಹದಿನೆಂಟು ಇತ್ತು ರೀ. ಹಸಿನೇ ಇತ್ತು. ಒಣಗಿಸ್ಕೊಂಡು ಹೋದೆ, ತಗೊಂಡ್ರು.”